ಮೊದಲ ನಂದಿ ಬೆಟ್ಟದಿಂದ ಮೊದಲ 200 ಕಿಲೋಮೀಟರ್‌ವರೆಗೆ: ವಾರಾಂತ್ಯದ ಸೈಕಲ್ ಸವಾರರಿಗೆ ಸಮಗ್ರ ಮಾರ್ಗದರ್ಶಿ

ಕಚೇರಿ, ಮನೆ, ಮಕ್ಕಳ ಶಾಲೆ ಎಲ್ಲವನ್ನೂ ನಿಭಾಯಿಸಿಕೊಂಡು ಶನಿವಾರ, ಭಾನುವಾರ ಮಾತ್ರ ಮನಸಾರೆ ಸೈಕಲ್ ತುಳಿಯಲು ಸಾಧ್ಯವಾಗುವವರಿಗಾಗಿ ಈ ಬರಹ. ನೀವು ಈಗಾಗಲೇ ಇಪ್ಪತ್ತು, ಮೂವತ್ತು ಕಿಲೋಮೀಟರ್ ಆರಾಮವಾಗಿ ಹೋಗಿ ಬರುತ್ತೀರಿ ಎಂದುಕೊಂಡು ಮುಂದುವರಿಯುತ್ತೇನೆ. ಅಲ್ಲಿಂದ ಮೂರು ಗುರಿಗಳನ್ನು ಒಂದರ ಹಿಂದೆ ಒಂದರಂತೆ ಮುಟ್ಟೋಣ: ಬೆಂಗಳೂರಿನಿಂದ ಹೊರಟು ನಂದಿ ಬೆಟ್ಟದ ಏರನ್ನು ಎಲ್ಲಿಯೂ ಕಾಲೂರದೆ ಹತ್ತಿ ತುದಿ ಸೇರುವುದು, ಒಬ್ಬೊಬ್ಬರಾಗಿ ಹೊರಟು ಗಡಿಯಾರದ ಜೊತೆ ಪೈಪೋಟಿ ನಡೆಸುವ ಟೈಮ್ ಟ್ರಯಲ್ ರೇಸಿನಲ್ಲಿ ಓಡಿಸುವುದು, ಕೊನೆಗೆ ಬ್ರೆವೆ ಎಂದು ಕರೆಯುವ, ಸ್ಪರ್ಧೆಯಲ್ಲದ 200 ಕಿಲೋಮೀಟರಿನ ದೂರದ ಸವಾರಿಯನ್ನು ನಿಗದಿತ ಸಮಯದೊಳಗೆ ಮುಗಿಸುವುದು.

ಮೂರೂ ಬೇರೆ ಬೇರೆ ಬಗೆಯ ಪರೀಕ್ಷೆಗಳಂತೆ ಕಂಡರೂ ಮೂರರಲ್ಲಿಯೂ ಗೆಲ್ಲಿಸುವ ಗುಣ ಒಂದೇ. ಮೈಯಲ್ಲಿ ಹುರುಪು ತುಂಬಿರುವ ಆರಂಭದ ಹೊತ್ತಿನಲ್ಲಿ ವೇಗವನ್ನು ಬಿಗಿಹಿಡಿದು ಓಡಿಸುವ ಗುಣ ಅದು. ಕಾಲಿನಲ್ಲಿ ಶಕ್ತಿ ಸಾಲದೆ ಸೋತವರಿಗಿಂತ, ಇದ್ದ ಶಕ್ತಿಯನ್ನೆಲ್ಲ ಮೊದಲ ಅರ್ಧ ಗಂಟೆಯಲ್ಲೇ ಸುರಿದು ಸೋತವರನ್ನು ನಾನು ಹೆಚ್ಚು ನೋಡಿದ್ದೇನೆ. ಮುಂದೆ ಹೇಳುವ ಪ್ರತಿ ಹಂತದಲ್ಲಿಯೂ ಈ ಮಾತು ಬೇರೆ ಬೇರೆ ರೂಪದಲ್ಲಿ ಎದುರಾಗುತ್ತದೆ.

ನಲವತ್ತು ದಾಟಿದವರು, ರಕ್ತದೊತ್ತಡ, ಸಕ್ಕರೆ ಕಾಯಿಲೆ ಅಥವಾ ಮನೆತನದಲ್ಲಿ ಹೃದಯದ ತೊಂದರೆ ಇರುವವರು ತಯಾರಿ ಆರಂಭಿಸುವ ಮುನ್ನ ವೈದ್ಯರನ್ನು ಒಮ್ಮೆ ಕಾಣಲೇಬೇಕು. ಇದರಲ್ಲಿ ರಾಜಿ ಬೇಡ.

ಹಂತ 1: ಸೈಕಲನ್ನು ನಿಮ್ಮ ಮೈಗೆ ಹೊಂದಿಸಿ

ಹೊಸ ಸೈಕಲ್ ಬೇಕೇ ಎಂಬ ಪ್ರಶ್ನೆಯನ್ನು ಸದ್ಯಕ್ಕೆ ಬದಿಗಿಡಿ. ಇರುವ ಸೈಕಲಿನ ಸೀಟಿನ ಎತ್ತರ ಸರಿಯಿದೆಯೇ ಎಂಬುದು ಅದಕ್ಕಿಂತ ದೊಡ್ಡ ಪ್ರಶ್ನೆ. ಗೋಡೆಗೆ ಒರಗಿ ಸೀಟಿನ ಮೇಲೆ ಕುಳಿತು, ಒಂದು ಪೆಡಲನ್ನು ಪೂರ್ತಿ ಕೆಳಗಿಳಿಸಿ, ಅದರ ಮೇಲೆ ಹಿಮ್ಮಡಿ ಇಡಿ. ಕಾಲು ನೇರವಾಗಿ ನಿಲ್ಲಬೇಕು, ಸೊಂಟ ವಾಲಬಾರದು. ಆಮೇಲೆ ಹಿಮ್ಮಡಿಯ ಬದಲು ಪಾದದ ಮುಂಭಾಗವನ್ನು ಪೆಡಲಿನ ಮೇಲೆ ಇಟ್ಟರೆ ಮೊಣಕಾಲು ತಾನಾಗಿ 25ರಿಂದ 35 ಡಿಗ್ರಿಯಷ್ಟು ಬಾಗುತ್ತದೆ. ಬೇಕಾದದ್ದು ಅಷ್ಟೇ ಬಾಗು. ಇದು ಒಳ್ಳೆಯ ಆರಂಭ ಮಾತ್ರ. ಮುಂದಿನದನ್ನು ಮೈ ಹೇಳುತ್ತದೆ. ಮೊಣಕಾಲಿನ ಮುಂಭಾಗ ನೋಯುತ್ತಿದ್ದರೆ ಹೆಚ್ಚಿನ ಸಲ ಸೀಟು ತಗ್ಗಾಗಿರುತ್ತದೆ. ಮೊಣಕಾಲಿನ ಹಿಂಭಾಗ ನೋಯುತ್ತಿದ್ದರೆ, ಅಥವಾ ತುಳಿಯುವಾಗ ಸೊಂಟ ಎಡಬಲಕ್ಕೆ ತೂಗುತ್ತಿದ್ದರೆ, ಸೀಟು ಎತ್ತರವಾಗಿದೆ. ಒಂದು ಸಲಕ್ಕೆ ಐದು ಮಿಲಿಮೀಟರಿಗಿಂತ ಹೆಚ್ಚು ಬದಲಿಸಬೇಡಿ, ಬದಲಿಸಿದ ಮೇಲೆ ಎರಡು ಮೂರು ಸವಾರಿ ಮಾಡಿ ನೋಡಿ. ಸರಿಯಾದ ಎತ್ತರ ಸಿಕ್ಕಿದ ದಿನ ಸೀಟಿನ ಕಂಬಕ್ಕೆ ಇನ್ಸುಲೇಷನ್ ಟೇಪಿನ ಒಂದು ಸುತ್ತು ಹಾಕಿ ಗುರುತು ಮಾಡಿಕೊಳ್ಳಿ.

ಎರಡನೆಯದು ಗೇರು. ನಂದಿ ಬೆಟ್ಟದಂಥ ಏರಿಗೆ ನಿಮ್ಮ ಸೈಕಲ್ ಸಜ್ಜಾಗಿದೆಯೇ ಎಂದು ಮನೆಯಲ್ಲೇ ಲೆಕ್ಕ ಹಾಕಬಹುದು. ಮುಂದಿನ ಚಿಕ್ಕ ಹಲ್ಲುಚಕ್ರದ ಹಲ್ಲುಗಳನ್ನು ಹಿಂದಿನ ದೊಡ್ಡ ಹಲ್ಲುಚಕ್ರದ ಹಲ್ಲುಗಳಿಂದ ಭಾಗಿಸಿ. ಬರುವ ಸಂಖ್ಯೆಯನ್ನು 2.1ರಿಂದ ಗುಣಿಸಿದರೆ, ಪೆಡಲ್ ಒಂದು ಸುತ್ತು ತಿರುಗಿದಾಗ ಸೈಕಲ್ ಎಷ್ಟು ಮೀಟರ್ ಮುಂದೆ ಹೋಗುತ್ತದೆ ಎಂಬುದು ಹೆಚ್ಚುಕಡಿಮೆ ತಿಳಿಯುತ್ತದೆ. ಹೊಸಬರು ಕಡಿದಾದ ಏರಿನಲ್ಲಿ ಗಂಟೆಗೆ 9 ಕಿಲೋಮೀಟರ್ ವೇಗದಲ್ಲಿರುತ್ತಾರೆ ಎಂದಿಟ್ಟುಕೊಳ್ಳಿ. ಮುಂದೆ 39, ಹಿಂದೆ 25 ಹಲ್ಲಿನ ಹಳೆಯ ರೇಸ್ ಸೈಕಲಿನಲ್ಲಿ ಆ ವೇಗಕ್ಕೆ ನಿಮಿಷಕ್ಕೆ 46 ಸುತ್ತು ಮಾತ್ರ ಸಿಗುತ್ತದೆ. ಪ್ರತಿ ತುಳಿತಕ್ಕೂ ಮೈಭಾರವನ್ನೆಲ್ಲ ಹಾಕಬೇಕು, ಮೊಣಕಾಲು ಸವೆಯುತ್ತದೆ. ಮುಂದೆ 34, ಹಿಂದೆ 28 ಆದರೆ 59 ಸುತ್ತು. ಹಿಂದೆಯೂ 34 ಇದ್ದರೆ 71 ಸುತ್ತು. ಹಗುರವಾದ ಚಕ್ರಗಳಿಗೆ ದುಡ್ಡು ಸುರಿಯುವ ಮೊದಲು ಹಿಂದಿನ ಹಲ್ಲುಚಕ್ರಗಳ ಗುಚ್ಛವನ್ನು ಬದಲಿಸಿ ಎಂದು ನಾನು ಒತ್ತಾಯಿಸುವುದು ಈ ಲೆಕ್ಕದ ಮೇಲೆ. ಗೇರ್ ಬದಲಿಸುವ ಹಿಂದಿನ ಡೆರೈಲರ್ ಅಷ್ಟು ದೊಡ್ಡ ಚಕ್ರವನ್ನು ತಡೆದುಕೊಳ್ಳುತ್ತದೆಯೇ, ಚೈನಿನ ಉದ್ದ ಸಾಕೇ ಎಂದು ಮೆಕ್ಯಾನಿಕ್ ಬಳಿ ಖಾತ್ರಿ ಮಾಡಿಕೊಳ್ಳಿ.

ತೂಕದ ಬಗ್ಗೆಯೂ ಇದೇ ಲೆಕ್ಕದಲ್ಲಿ ಯೋಚಿಸಿ. ಸವಾರ ಮತ್ತು ಸೈಕಲ್ ಸೇರಿ 85 ಕಿಲೋ ಇದ್ದರೆ ಒಂದು ಕಿಲೋ ಕಡಿಮೆಯಾದಾಗ ಏರಿನಲ್ಲಿ ಉಳಿಯುವುದು ಶೇಕಡ ಒಂದಕ್ಕಿಂತ ತುಸು ಹೆಚ್ಚು. ಐವತ್ತು ನಿಮಿಷದ ಏರಿನಲ್ಲಿ ಅದು ಅರ್ಧ ನಿಮಿಷದಷ್ಟು. ಸೈಕಲಿನಲ್ಲಿ ಆ ಒಂದು ಕಿಲೋ ಇಳಿಸಲು ಬಹಳ ದುಡ್ಡು ಬೇಕು.

ಟೈರಿನ ಗಾಳಿಯನ್ನು ಪ್ರತಿ ವಾರಾಂತ್ಯ ಹೊರಡುವ ಮುನ್ನ ಪರೀಕ್ಷಿಸಿ. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಅತಿ ಹೆಚ್ಚಿನ ಸಂಖ್ಯೆ ಗರಿಷ್ಠ ಮಿತಿ. ಅಷ್ಟು ತುಂಬಬೇಕೆಂದೇನೂ ಇಲ್ಲ. ಎಪ್ಪತ್ತು ಕಿಲೋ ತೂಗುವವರಿಗೆ 25 ಮಿಲಿಮೀಟರ್ ಟೈರಿಗೆ 80ರಿಂದ 85 ಪಿಎಸ್‌ಐ, 28ಕ್ಕೆ 70ರ ಆಸುಪಾಸು, 32ಕ್ಕೆ 55ರಿಂದ 60 ಸಾಕು. ನಮ್ಮ ರಸ್ತೆಗಳಲ್ಲಿ ಕಲ್ಲಿನಷ್ಟು ಗಟ್ಟಿಯಾದ ಟೈರು ವೇಗ ಕೊಡುವುದಿಲ್ಲ, ಕುಲುಕಾಟ ಕೊಡುತ್ತದೆ.

ಹಂತ 2: ಪಂಕ್ಚರ್ ಹಾಕುವುದನ್ನು ಮನೆಯಲ್ಲೇ ಕಲಿಯಿರಿ

ಬೆಳಗಿನ ಜಾವ ಐದು ಗಂಟೆಗೆ ಹೆದ್ದಾರಿಯಲ್ಲಿ ಯಾವ ಪಂಕ್ಚರ್ ಅಂಗಡಿಯೂ ತೆರೆದಿರುವುದಿಲ್ಲ. ತೆರೆದಿದ್ದರೂ ಅಲ್ಲಿನ ಗಾಳಿ ಪೈಪು ಬೈಕು, ಕಾರುಗಳ ದಪ್ಪ ಮೂತಿಗೆ (ಗಾಳಿ ತುಂಬುವ ವಾಲ್ವ್) ಹೊಂದುತ್ತದೆ. ರೋಡ್ ಸೈಕಲಿನ ಸಣ್ಣ ಪ್ರೆಸ್ಟಾ ಮೂತಿಗೆ ಹೊಂದುವುದಿಲ್ಲ. ಪ್ರೆಸ್ಟಾ ಮೂತಿಗೆ ತಿರುಗಿಸಿ ಹಾಕುವ ಹಿತ್ತಾಳೆಯ ಅಡಾಪ್ಟರ್ ಬೆರಳ ತುದಿಯಷ್ಟು ಚಿಕ್ಕದು, ಬೆಲೆಯೂ ಅಲ್ಪ. ಒಂದನ್ನು ಸೀಟಿನ ಕೆಳಗಿನ ಚೀಲದಲ್ಲಿ ಸದಾ ಇಟ್ಟಿರಿ. ಜೊತೆಗೆ ಎರಡು ಟ್ಯೂಬು, ಎರಡು ಟೈರ್ ಲಿವರ್, ಪ್ಯಾಚ್ ಕಿಟ್, ಕೈಪಂಪು, ಅಲೆನ್ ಕೀಗಳ ಗೊಂಚಲು, ಚೈನ್ ಕಟ್ಟರ್, ಒಂದು ಚಿಮುಟ.

ಚಿಮುಟ ಏಕೆ ಎಂದರೆ, ಹೆದ್ದಾರಿಯ ಅಂಚಿನಲ್ಲಿ ಆಗುವ ಪಂಕ್ಚರ್‌ಗಳಿಗೆ ಮೊಳೆ, ಗಾಜಿಗಿಂತ ಹೆಚ್ಚಾಗಿ ಕಾರಣವಾಗುವುದು ಒಡೆದ ಲಾರಿ ಟೈರುಗಳಿಂದ ಉದುರಿದ ಉಕ್ಕಿನ ತಂತಿಯ ಎಳೆ. ಕೂದಲಿಗಿಂತ ಸ್ವಲ್ಪ ದಪ್ಪ, ಅರ್ಧ ಸೆಂಟಿಮೀಟರ್ ಉದ್ದ. ಅದು ರಬ್ಬರಿನೊಳಗೆ ಪೂರ್ತಿ ಹೂತುಹೋಗಿ, ಹೊರಗಿನಿಂದ ಒಂದು ಕಪ್ಪು ಚುಕ್ಕೆಯಾಗಿಯೂ ಕಾಣುವುದಿಲ್ಲ. ಹೊಸ ಟ್ಯೂಬು ಹಾಕಿ ಹೊರಟ ಐದು ನಿಮಿಷಕ್ಕೆ ಅದೇ ತಂತಿ ಅದನ್ನೂ ಚುಚ್ಚುತ್ತದೆ. ಆದ್ದರಿಂದ ಕ್ರಮ ಹೀಗಿರಲಿ: ಚಕ್ರ ಬಿಚ್ಚಿ, ಟೈರಿನ ಒಂದು ಅಂಚನ್ನು ಮಾತ್ರ ರಿಮ್ಮಿನಿಂದ ಎಬ್ಬಿಸಿ, ಟ್ಯೂಬನ್ನು ಹೊರಗೆಳೆದು ಗಾಳಿ ತುಂಬಿ, ತೂತು ಎಲ್ಲಿದೆ ಎಂದು ಕಿವಿಯಿಂದಲೋ ತುಟಿಯ ಹತ್ತಿರ ಹಿಡಿದೋ ಪತ್ತೆ ಮಾಡಿ. ಮೂತಿಯಿಂದ ಆ ತೂತಿನವರೆಗಿನ ದೂರವನ್ನು ಟೈರಿನ ಮೇಲೆ ಅಳೆದರೆ ತಂತಿ ಇರುವ ಜಾಗ ಸಿಗುತ್ತದೆ. ಟೈರಿನ ಒಳಮೈಯನ್ನು ಬಟ್ಟೆಯಿಂದ ಸವರಿ. ಎಳೆ ಸಿಕ್ಕಿದ ಕಡೆ ತಂತಿಯ ತುದಿ ಇದೆ. ಬರಿಬೆರಳಿನಿಂದ ಸವರಿದರೆ ಬೆರಳು ಸೀಳುತ್ತದೆ. ಚಿಮುಟದಿಂದ ತಂತಿಯನ್ನು ಒಳಗಡೆಗೆ ಎಳೆದು ತೆಗೆಯಿರಿ. ಹೊಸ ಟ್ಯೂಬಿಗೆ ಆಕಾರ ಬರುವಷ್ಟು ಮಾತ್ರ ಗಾಳಿ ಕೊಟ್ಟು ಒಳಗಿಟ್ಟು, ಟೈರಿನ ಅಂಚನ್ನು ಅಂಗೈಯಿಂದಲೇ ಕೂರಿಸಿ. ಕೊನೆಯ ಗೇಣನ್ನು ಲಿವರಿನಿಂದ ಎಬ್ಬಿ ಕೂರಿಸಲು ಹೋದರೆ ಟ್ಯೂಬು ನಡುವೆ ಸಿಕ್ಕಿಕೊಂಡು ಮತ್ತೆ ತೂತಾಗುತ್ತದೆ. ಮೂತಿಯ ಎದುರು ಬದಿಯಿಂದ ಕೂರಿಸುತ್ತ ಬಂದು ಮೂತಿಯ ಹತ್ತಿರ ಮುಗಿಸಿದರೆ ಟೈರಿನಲ್ಲಿ ಬೇಕಾದಷ್ಟು ಸಡಿಲ ಸಿಗುತ್ತದೆ.

ಹಜಾರದಲ್ಲಿ ಕುಳಿತು ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಇದನ್ನು ಕೆಲವು ಸಲ ಮಾಡಿ. ಹಿಂದಿನ ಚಕ್ರ ಬಿಚ್ಚುವ ಮೊದಲು ಚೈನನ್ನು ಅತ್ಯಂತ ಚಿಕ್ಕ ಹಲ್ಲುಚಕ್ರಕ್ಕೆ ತನ್ನಿ, ಕೆಲಸ ಅರ್ಧ ಸುಲಭವಾಗುತ್ತದೆ.

ಹಂತ 3: ಎಂಟು ವಾರಗಳ ತಯಾರಿ

ಭಾನುವಾರ ಒಂದೇ ದಿನ ನೂರು ಕಿಲೋಮೀಟರ್ ತುಳಿದು ಉಳಿದ ಆರು ದಿನ ಸುಮ್ಮನಿದ್ದರೆ ಪ್ರತಿ ಭಾನುವಾರವೂ ಮೊದಲಿನಿಂದ ಶುರು ಮಾಡಿದಂತೆ. ವಾರದ ನಡುವೆ ಮಂಗಳವಾರ, ಗುರುವಾರ ತಲಾ ಒಂದು ಗಂಟೆ ಸಿಕ್ಕರೂ ಸಾಕು. ಕಚೇರಿಗೆ ಸೈಕಲಿನಲ್ಲಿ ಹೋಗಿಬರುವುದೂ ಲೆಕ್ಕಕ್ಕೆ ಸೇರುತ್ತದೆ. ಶನಿವಾರ ಒಂದೂವರೆ ಗಂಟೆ, ಭಾನುವಾರ ಉದ್ದದ ಸವಾರಿ. ಸೋಮವಾರ, ಶುಕ್ರವಾರ ಪೂರ್ತಿ ವಿಶ್ರಾಂತಿ.

ಮೊದಲ ಮೂರು ವಾರ ಎಲ್ಲವೂ ನಿಧಾನ. ನಿಧಾನ ಎಂದರೆ ಪಕ್ಕದ ಸವಾರನ ಜೊತೆ ಉಸಿರು ಕಟ್ಟದೆ ಪೂರ್ತಿ ವಾಕ್ಯಗಳಲ್ಲಿ ಮಾತಾಡಲು ಆಗಬೇಕು. ಒಂದೊಂದು ಪದಕ್ಕೆ ಉಸಿರೆಳೆಯುತ್ತಿದ್ದರೆ ವೇಗ ಹೆಚ್ಚಾಯಿತು. ಬಹುಪಾಲು ಹವ್ಯಾಸಿಗಳು ಎಡವುವುದು ಇಲ್ಲೇ: ನಿಧಾನದ ದಿನ ಸಾಕಷ್ಟು ನಿಧಾನ ಇರುವುದಿಲ್ಲ, ಆದ್ದರಿಂದ ಬಿರುಸಿನ ದಿನ ಸಾಕಷ್ಟು ಬಿರುಸು ಬರುವುದಿಲ್ಲ. ಐದರಲ್ಲಿ ನಾಲ್ಕು ಪಾಲು ಸಮಯ ನಿಧಾನದಲ್ಲೇ ಕಳೆಯಬೇಕು. ಈ ಸವಾರಿಗಳಲ್ಲಿ ನಿಮಿಷಕ್ಕೆ 80ರಿಂದ 90 ಸುತ್ತು ಹಗುರವಾಗಿ ತುಳಿಯುವ ಅಭ್ಯಾಸ ಮಾಡಿ. ಭಾನುವಾರದ ದೂರ 40, 50, 60 ಎಂದು ಏರಲಿ.

ನಾಲ್ಕನೆಯ ವಾರ ಎಲ್ಲವನ್ನೂ ಸುಮಾರು ಅರ್ಧಕ್ಕಿಳಿಸಿ. ಮೈ ಬಲಗೊಳ್ಳುವುದು ದಣಿದಾಗಲ್ಲ, ದಣಿವು ಆರುವಾಗ. ಈ ವಾರವನ್ನು ಹಾರಿಸಿ ಮುಂದೆ ಹೋಗುವ ಉತ್ಸಾಹಿಗಳಿಗೆ ಆರನೆಯ ವಾರದಲ್ಲಿ ಮೊಣಕಾಲು ಕೈಕೊಡುತ್ತದೆ.

ಐದರಿಂದ ಏಳನೆಯ ವಾರದವರೆಗೆ ಮಂಗಳವಾರವನ್ನು ಬಿರುಸಿನ ದಿನ ಮಾಡಿಕೊಳ್ಳಿ. ಹದಿನೈದು ನಿಮಿಷ ಮೈ ಬಿಸಿ ಮಾಡಿಕೊಂಡು, ಎಂಟು ನಿಮಿಷ ಗಟ್ಟಿಯಾಗಿ ತುಳಿದು ನಾಲ್ಕು ನಿಮಿಷ ಆರಾಮ. ಹೀಗೆ ಮೂರು ಸಲ. ಗಟ್ಟಿ ಎಂದರೆ ಎರಡು ಮೂರು ಪದಗಳಿಗಿಂತ ಹೆಚ್ಚು ಮಾತಾಡಲಾಗದಷ್ಟು, ಆದರೆ ಮೂರನೆಯ ಸಲವೂ ಮೊದಲಿನಷ್ಟೇ ವೇಗ ಉಳಿಸಿಕೊಳ್ಳುವಷ್ಟು. ಏರು ಹತ್ತಿರದಲ್ಲಿ ಇಲ್ಲದವರು ಎದುರುಗಾಳಿಯನ್ನೇ ಏರು ಎಂದುಕೊಳ್ಳಬಹುದು. ಬೆಂಗಳೂರಿನಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಪಶ್ಚಿಮದ ಗಾಳಿ ಜೋರು. ಆ ತಿಂಗಳುಗಳಲ್ಲಿ ಪಶ್ಚಿಮಕ್ಕೆ ಹೊರಟರೆ ಹೋಗುವಾಗ ಗಾಳಿಯನ್ನು ಸೀಳುತ್ತೀರಿ, ದಣಿದು ಮರಳುವಾಗ ಅದೇ ಗಾಳಿ ಬೆನ್ನು ತಳ್ಳುತ್ತದೆ. ಮೈಸೂರಿನವರಿಗೆ ಚಾಮುಂಡಿ ಬೆಟ್ಟವಿದೆ, ಹುಬ್ಬಳ್ಳಿಯವರಿಗೆ ನೃಪತುಂಗ ಬೆಟ್ಟದ ಚಿಕ್ಕ ಏರು, ಮಲೆನಾಡಿನವರಿಗೆ ಮನೆಯ ಮುಂದೆಯೇ ಏರು. ಭಾನುವಾರದ ದೂರ ಈ ವಾರಗಳಲ್ಲಿ 70, 80, 95. ಎಂಟನೆಯ ವಾರ ಮತ್ತೆ ಹಗುರ, ಕೊನೆಯ ದಿನ ನಂದಿ.

ತುಳಿತದ ಶಕ್ತಿಯನ್ನು ಅಳೆಯುವ ಪವರ್ ಮೀಟರ್ ಇರುವವರು ಇಪ್ಪತ್ತು ನಿಮಿಷ ಸರ್ವಶಕ್ತಿಯಿಂದ ತುಳಿದು, ಬಂದ ಸರಾಸರಿಯ ಶೇಕಡ 95ನ್ನು ತಮ್ಮ ಒಂದು ಗಂಟೆಯ ಮಿತಿ ಎಂದು ಇಟ್ಟುಕೊಳ್ಳುವ ರೂಢಿಯಿದೆ. ಇಲ್ಲದವರಿಗೆ ಉಸಿರೇ ಅಳತೆಗೋಲು, ಮೊದಲ ವರ್ಷಕ್ಕೆ ಅದು ಧಾರಾಳವಾಗಿ ಸಾಕು.

ಹಂತ 4: ಗುಂಪಿನಲ್ಲಿ ಸವಾರಿ

ಮುಂದಿನವರ ಚಕ್ರದ ಹಿಂದೆ ಹತ್ತಿರವಾಗಿ ಹೋದರೆ ಗಾಳಿಯ ತಡೆ ಎಷ್ಟೋ ಕಡಿಮೆಯಾಗಿ, ಸಮತಟ್ಟಿನಲ್ಲಿ ಸುಮಾರು ಮೂರನೇ ಒಂದು ಪಾಲು ಶ್ರಮ ಉಳಿಯುತ್ತದೆ. ಅದಕ್ಕೆ ತೆರಬೇಕಾದ ಬೆಲೆ ಪೂರ್ತಿ ಗಮನ. ಆರಂಭದಲ್ಲಿ ಒಂದು ಸೈಕಲ್ ಉದ್ದದ ಅಂತರ ಇಡಿ, ನಂಬಿಕೆ ಬಂದ ಹಾಗೆ ಕಡಿಮೆ ಮಾಡಿ. ನಿಮ್ಮ ಮುಂದಿನ ಚಕ್ರ ಇನ್ನೊಬ್ಬರ ಹಿಂದಿನ ಚಕ್ರದ ಪಕ್ಕಕ್ಕೆ ಎಂದೂ ತೂರಿಕೊಳ್ಳಬಾರದು. ಅವರು ಸ್ವಲ್ಪ ಸರಿದರೂ ಬೀಳುವವರು ನೀವು. ಮುಂದೆ ಬಂದಾಗ ವೇಗ ಹೆಚ್ಚಿಸಬೇಡಿ, ಇದ್ದ ವೇಗವನ್ನೇ ಹಿಡಿದು ಒಂದೆರಡು ನಿಮಿಷ ಎಳೆದು, ಹಿಂದೆ ನೋಡಿ, ಪಕ್ಕಕ್ಕೆ ಸರಿದು ಹಿಂದಕ್ಕೆ ಬನ್ನಿ. ಗುಂಡಿ, ಗುರುತಿಲ್ಲದ ಹಂಪು, ಚರಂಡಿಯ ಸೀಳು ಕಂಡರೆ ಕೈಯಿಂದ ತೋರಿಸಿ, ಬಾಯಲ್ಲೂ ಕೂಗಿ.

ರಸ್ತೆಯ ನಿಯಮಗಳಲ್ಲಿ ಒಂದನ್ನು ಇಲ್ಲಿ ಹೇಳಲೇಬೇಕು. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳ ಜೊತೆಗೆ ಸೈಕಲ್‌ಗೂ ಪ್ರವೇಶವಿಲ್ಲ. ಸರ್ವೀಸ್ ರಸ್ತೆಯಲ್ಲೇ ಹೋಗಬೇಕು. ನಾಯಿ ಅಟ್ಟಿಸಿಕೊಂಡು ಬಂದರೆ ಇಳಿದು ಸೈಕಲನ್ನು ನಡುವೆ ಅಡ್ಡವಾಗಿ ಹಿಡಿದು ನಡೆಯಿರಿ. ಓಡುವ ಚಕ್ರ ನಿಂತ ಕೂಡಲೇ ಹೆಚ್ಚಿನ ನಾಯಿಗಳ ಆಸಕ್ತಿ ಇಳಿಯುತ್ತದೆ.

ಹಂತ 5: ನಂದಿ ಬೆಟ್ಟ

ಸಮುದ್ರಮಟ್ಟದಿಂದ 1,478 ಮೀಟರ್ ಎತ್ತರದ ನಂದಿ, ಬೆಂಗಳೂರಿನಿಂದ ಸುಮಾರು 60 ಕಿಲೋಮೀಟರ್. ಹೆಬ್ಬಾಳ, ಯಲಹಂಕ ದಾಟಿ ದೇವನಹಳ್ಳಿಯವರೆಗೆ ಸರ್ವೀಸ್ ರಸ್ತೆ ಸಿಗುವಲ್ಲೆಲ್ಲ ಅದರಲ್ಲೇ ಹೋಗಿ. ಮುಂದೆ ಹೆದ್ದಾರಿ ಬಿಟ್ಟು ಎಡಕ್ಕೆ ತಿರುಗಿದರೆ ಬೆಟ್ಟದ ಬುಡದ ದಾರಿ. ಹೋಗಿ ಬರಲು 120 ಕಿಲೋಮೀಟರ್ ಆಗುತ್ತದೆ. ಮೊದಲ ಸಲ ಅಷ್ಟು ಬೇಡ ಎನಿಸಿದರೆ ಸೈಕಲನ್ನು ಕಾರಿನಲ್ಲಿ ದೇವನಹಳ್ಳಿಯವರೆಗೆ ತಂದು ಅಲ್ಲಿಂದ ಹೊರಡಿ, ಅದರಲ್ಲಿ ಯಾವ ಕೊರತೆಯೂ ಇಲ್ಲ. ವಾರಾಂತ್ಯದ ಪ್ರವೇಶದ ಸಮಯ, ನಿಯಮಗಳು ಆಗಾಗ ಬದಲಾಗುವುದರಿಂದ ಹಿಂದಿನ ದಿನ ವಿಚಾರಿಸಿಕೊಳ್ಳಿ.

ಹಿಂದಿನ ರಾತ್ರಿ ಎಂದಿನ ಊಟ ಮಾಡಿ. ಅನ್ನ, ಸಾರು, ಮೊಸರು ಸಾಕು. ಹೊಸ ತಿಂಡಿಯ ಪ್ರಯೋಗಕ್ಕೆ ಇದು ದಿನವಲ್ಲ. ಬೆಳಿಗ್ಗೆ ಹೊರಡುವ ಮುನ್ನ ಎರಡು ಬಾಳೆಹಣ್ಣು ಅಥವಾ ಬೆಲ್ಲ ಹಾಕಿದ ರಾಗಿ ಗಂಜಿ. ಪ್ಯಾಡ್ ಇರುವ ಸೈಕಲ್ ಚಡ್ಡಿಯ ಒಳಗೆ ಬೇರೆ ಒಳಉಡುಪು ಹಾಕಬೇಡಿ, ಹೊಲಿಗೆ ಉಜ್ಜಿ ಚರ್ಮ ಸುಲಿಯುತ್ತದೆ. ಮುಂದೆ ಬಿಳಿ, ಹಿಂದೆ ಕೆಂಪು ದೀಪ, ರಿಫ್ಲೆಕ್ಟರ್ ಜಾಕೆಟ್, ಹೆಲ್ಮೆಟ್ ಇಲ್ಲದೆ ಕತ್ತಲಲ್ಲಿ ಹೊರಡಬೇಡಿ. ತೆಳ್ಳನೆಯ ಗಾಳಿತಡೆ ಜಾಕೆಟ್ ಒಂದನ್ನು ಮಡಚಿ ಜೇಬಿಗೆ ಹಾಕಿಕೊಳ್ಳಿ. ಅದು ಏರುವಾಗಲ್ಲ, ಬೆವೆತ ಮೈಯಲ್ಲಿ ಇಳಿಯುವಾಗ ಬೇಕು.

ಬುಡದವರೆಗಿನ ದಾರಿಯಲ್ಲಿ ಒಮ್ಮೆಯೂ ಏದುಸಿರು ಬಿಡಬಾರದು. ವೇಗದ ಗುಂಪೊಂದು ಪಕ್ಕದಲ್ಲಿ ಹಾದುಹೋಗುತ್ತದೆ, ಕಾಲು ತಾನಾಗಿ ಅವರ ಹಿಂದೆ ಓಡಲು ನೋಡುತ್ತದೆ. ಬಿಟ್ಟುಬಿಡಿ. ಬುಡದಲ್ಲಿ ಐದು ನಿಮಿಷ ನಿಂತು, ನೀರು ಕುಡಿದು, ಒಂದು ಬಾಟಲಿ ಮಾತ್ರ ತುಂಬಿಸಿಕೊಳ್ಳಿ. ಏರಿಗೆ ಅಷ್ಟು ಸಾಕು, ಎರಡನೆಯ ಬಾಟಲಿಯ ನೀರು ಮುಕ್ಕಾಲು ಕಿಲೋ ಹೊರೆ.

ಏರು ಏಳೂವರೆ ಕಿಲೋಮೀಟರಿನ ಆಸುಪಾಸು, ಸರಾಸರಿ ಏರಿಕೆ ಶೇಕಡ 5ರಿಂದ 6. ಸರಾಸರಿ ಎಂಬುದು ಇಲ್ಲಿ ಮೋಸ ಮಾಡುತ್ತದೆ, ಏಕೆಂದರೆ ಮೊದಲ ಭಾಗ ಸೌಮ್ಯ, ಕೊನೆಯ ಭಾಗ ಕಡಿದು. ಹಾಗಾಗಿ ಇದನ್ನು ಮೂರು ತುಂಡು ಮಾಡಿಕೊಳ್ಳಿ. ಮೊದಲ ತುಂಡಿನಲ್ಲಿ ಬೇಕೆಂದೇ ಒಂದು ಗೇರು ಹಗುರ ಇಟ್ಟು, ಮಾತಾಡುವ ಉಸಿರಿನಲ್ಲಿ ಹೋಗಿ. "ಇಷ್ಟೇನಾ?" ಎನಿಸಬೇಕು. ಎರಡನೆಯ ತುಂಡಿನಲ್ಲಿ ಉಸಿರು ಆಳವಾಗುತ್ತದೆ, ಲಯ ಕೆಡಬಾರದು. ನಿಮಿಷಕ್ಕೆ 65–75 ಸುತ್ತು ಉಳಿದಿದ್ದರೆ ಸರಿ. ಹೇರ್‌ಪಿನ್ ತಿರುವುಗಳ ಒಳಅಂಚು ಹೊರಅಂಚಿಗಿಂತ ಬಹಳ ಕಡಿದು. ಎಡ ತಿರುವಿನಲ್ಲಿ ಹಿಂದೆ ವಾಹನ ಇಲ್ಲದಿದ್ದರೆ ನಿಮ್ಮ ಪಥದೊಳಗೇ ಸ್ವಲ್ಪ ಅಗಲವಾಗಿ ತಿರುಗಿದರೆ ಕಾಲಿಗೆ ಬಿಡುವು ಸಿಗುತ್ತದೆ. ಬಲ ತಿರುವಿನಲ್ಲಿ ರಸ್ತೆ ಖಾಲಿ ಕಂಡರೂ ಎದುರು ಪಥಕ್ಕೆ ಹೋಗಬೇಡಿ. ತಿರುವು ದಾಟಿ ಏರು ತುಸು ಮಲಗಿದಲ್ಲಿ ನಾಲ್ಕಾರು ಸುತ್ತು ಎದ್ದುನಿಂತು ತುಳಿಯಿರಿ, ಸೊಂಟ ಹಿಡಿದಿದ್ದರೆ ಬಿಡುತ್ತದೆ. ನಿಲ್ಲುವ ಮುನ್ನ ಒಂದು ಗೇರು ಗಟ್ಟಿ ಮಾಡಿಕೊಳ್ಳಿ, ಇಲ್ಲದಿದ್ದರೆ ಪೆಡಲ್ ಸಟ್ಟನೆ ಜಾರಿದಂತಾಗುತ್ತದೆ.

ಕೊನೆಯ ತುಂಡು ಬಂದಾಗ ಉಳಿದ ಹಗುರ ಗೇರುಗಳೆಲ್ಲ ಮುಗಿದಿರುತ್ತವೆ. ಈಗ ದೂರ ನೋಡಬೇಡಿ. ಮುಂದಿನ ತಿರುವಿನ ತಡೆಗೋಡೆಯವರೆಗೆ ಮಾತ್ರ ಲೆಕ್ಕ ಹಾಕಿ. ಭುಜ, ಮೊಣಕೈ, ದವಡೆ ಸಡಿಲ ಬಿಡಿ. ಹ್ಯಾಂಡಲನ್ನು ಬಿಗಿಹಿಡಿದ ಕೈ ಕಾಲಿನ ಶಕ್ತಿಯನ್ನು ತಿನ್ನುತ್ತದೆ. ಮೊದಲ ತುಂಡಿನಲ್ಲಿ ಉಳಿಸಿದ್ದೆಲ್ಲ ಇಲ್ಲಿ ಕೆಲಸಕ್ಕೆ ಬರುತ್ತದೆ, ಕೆಳಗೆ ನಿಮ್ಮನ್ನು ದಾಟಿ ಹೋದವರಲ್ಲಿ ಕೆಲವರು ಇಲ್ಲಿ ಸೈಕಲ್ ತಳ್ಳಿಕೊಂಡು ನಡೆಯುತ್ತಿರುವುದನ್ನೂ ನೋಡುತ್ತೀರಿ. ಹೊಸಬರಿಗೆ 45ರಿಂದ 60 ನಿಮಿಷ ಒಳ್ಳೆಯ ಸಮಯ. ಅರ್ಧ ಗಂಟೆಯೊಳಗೆ ಹತ್ತುವವರು ಪಳಗಿದ ಹವ್ಯಾಸಿಗಳು. ಎದೆಯಲ್ಲಿ ನೋವು, ತಲೆಸುತ್ತು, ಕಣ್ಣು ಕತ್ತಲೆ ಬಂದರೆ ಆ ಕ್ಷಣವೇ ನಿಲ್ಲಿಸಿ. ತುದಿಯಲ್ಲಿ ತಿಂಡಿಯನ್ನು ಕೈಯಲ್ಲಿ ಹಿಡಿದುಕೊಂಡು ಓಡಾಡಬೇಡಿ, ಕೋತಿಗಳು ಬಾಳೆಹಣ್ಣನ್ನು ಜೇಬಿನಿಂದಲೇ ಎಳೆಯುತ್ತವೆ.

ಇಳಿಯುವುದು ಏರುವುದಕ್ಕಿಂತ ಅಪಾಯ. ಜಾಕೆಟ್ ಹಾಕಿಕೊಂಡು, ಎರಡೂ ಬ್ರೇಕು ಪರೀಕ್ಷಿಸಿ, ಹ್ಯಾಂಡಲಿನ ಕೆಳಬಾಗು ಹಿಡಿಯಿರಿ. ಅಲ್ಲಿಂದ ಬ್ರೇಕು ಬೆರಳಿಗೆ ಪೂರ್ತಿ ಸಿಗುತ್ತದೆ, ಮೈಭಾರವೂ ಕೆಳಮಟ್ಟಕ್ಕೆ ಬರುತ್ತದೆ. ತಿರುವಿಗೆ ಮೊದಲು ನೇರ ದಾರಿಯಲ್ಲೇ ಬ್ರೇಕು ಹಾಕಿ ವೇಗ ಇಳಿಸಿ, ತಿರುವಿನೊಳಗೆ ಬ್ರೇಕು ಬಿಡಿ. ಹೊರಬದಿಯ ಪೆಡಲ್ ಕೆಳಗಿರಲಿ, ಮೈಭಾರ ಅದರ ಮೇಲಿರಲಿ, ಕಣ್ಣು ತಿರುವು ಮುಗಿಯುವ ಕಡೆ ಇರಲಿ. ಸತತವಾಗಿ ಬ್ರೇಕು ಒತ್ತಿಕೊಂಡೇ ಇಳಿದರೆ ರಿಮ್ ಕಾಯುತ್ತದೆ. ಗಟ್ಟಿಯಾಗಿ ಹಿಡಿದು ಬಿಟ್ಟು, ಹಿಡಿದು ಬಿಟ್ಟು ಇಳಿಯಿರಿ. ಮಂಜು ಕವಿದಿದ್ದರೆ ಅದು ಕರಗುವವರೆಗೆ ಮೇಲೆಯೇ ಕಾಯಿರಿ, ಎಷ್ಟು ಹೊತ್ತಾದರೂ ಸರಿ.

ಹಂತ 6: ತಿನ್ನುವುದನ್ನೂ ಅಭ್ಯಾಸ ಮಾಡಿ

ಒಂದೂವರೆ ಗಂಟೆಗಿಂತ ಉದ್ದದ ಸವಾರಿಯಲ್ಲಿ ಪ್ರತಿ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಹೊಟ್ಟೆಗೆ ಹೋಗಬೇಕು. ದೊಡ್ಡ ಪಚ್ಚಬಾಳೆಯಲ್ಲಿ ಸುಮಾರು 25 ಗ್ರಾಂ ಇರುತ್ತದೆ, ಏಲಕ್ಕಿ ಬಾಳೆಯಲ್ಲಿ ಅದರ ಅರ್ಧದಷ್ಟು. ಕಡಲೆಕಾಯಿ ಚಿಕ್ಕಿ, ಖರ್ಜೂರ, ಬೆಲ್ಲದ ತುಂಡು ಎಲ್ಲವೂ ವಿದೇಶಿ ಜೆಲ್‌ಗಳಿಗೆ ಸರಿಸಾಟಿಯಾಗಿ ಕೆಲಸ ಮಾಡುತ್ತವೆ. ಹಸಿವಾಗುವವರೆಗೆ ಕಾಯಬೇಡಿ, ಮೊದಲ ನಲವತ್ತು ನಿಮಿಷದಲ್ಲಿ ಮೊದಲ ತುತ್ತು, ಆಮೇಲೆ ಅರ್ಧ ಗಂಟೆಗೊಮ್ಮೆ. ಹಸಿದ ಮೇಲೆ ತಿಂದದ್ದು ಕಾಲಿಗೆ ತಲುಪುವ ಹೊತ್ತಿಗೆ ತಡವಾಗಿರುತ್ತದೆ. ನೀರು ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್, ಬೇಸಿಗೆಯಲ್ಲಿ ಇನ್ನಷ್ಟು. ಆದರೆ ಗಂಟೆಗಟ್ಟಲೆ ಬರಿ ನೀರನ್ನೇ ಅತಿಯಾಗಿ ಕುಡಿದರೆ ರಕ್ತದ ಸೋಡಿಯಂ ತಗ್ಗಿ ಅಪಾಯವಾಗಬಹುದು. ಒಂದು ಬಾಟಲಿಯಲ್ಲಿ ಓಆರ್‌ಎಸ್ ಇರಲಿ. ಲೀಟರಿಗೆ ಒಂದು ಎಂದು ಬರೆದ ಪೊಟ್ಟಣವನ್ನು ಒಂದು ಲೀಟರಿಗೇ ಬೆರೆಸಿ, ಗಟ್ಟಿ ಮಾಡಿಕೊಳ್ಳಬೇಡಿ. ದಾರಿಯಲ್ಲಿ ಇಡ್ಲಿ ಒಳ್ಳೆಯದು. ಎಣ್ಣೆ ಸುರಿಯುವ ಮಸಾಲೆ ದೋಸೆ, ವಡೆಗಳನ್ನು ಮನೆ ಸೇರುವ ದಾರಿಗೆ ಮೀಸಲಿಡಿ.

ಹಂತ 7: ಮೊದಲ ರೇಸ್ ಟೈಮ್ ಟ್ರಯಲ್ ಆಗಿರಲಿ

ಬೆಂಗಳೂರಿನ ಹವ್ಯಾಸಿ ರೇಸುಗಳಲ್ಲಿ ಟೈಮ್ ಟ್ರಯಲ್, ಗುಂಪಿನ ರೋಡ್ ರೇಸ್, ಚಿಕ್ಕ ಸುತ್ತುಗಳ ಕ್ರೈಟೀರಿಯಂ, ಬೆಟ್ಟ ಏರುವ ಸ್ಪರ್ಧೆ ಎಲ್ಲವೂ ಇವೆ. ಹೊಸಬರಿಗೆ ಟೈಮ್ ಟ್ರಯಲ್ ಸೂಕ್ತ. ಸವಾರರನ್ನು ಅರ್ಧ ಅಥವಾ ಒಂದು ನಿಮಿಷದ ಅಂತರದಲ್ಲಿ ಒಬ್ಬೊಬ್ಬರಾಗಿ ಬಿಡುತ್ತಾರೆ, ಯಾರ ಚಕ್ರದ ಹಿಂದೆಯೂ ಹೋಗುವಂತಿಲ್ಲ, ಗುಂಪಿನಲ್ಲಿ ಬೀಳುವ ಭಯವಿಲ್ಲ. ಪೈಪೋಟಿ ಗಡಿಯಾರದ ಜೊತೆ.

ವೇಗ ಹೆಚ್ಚಿದ ಹಾಗೆ ಶ್ರಮದ ಬಹುಪಾಲು ಗಾಳಿಗೆ ಹೋಗುತ್ತದೆ, ಗಾಳಿಗೆ ಅಡ್ಡವಾಗಿ ನಿಲ್ಲುವುದರಲ್ಲಿ ಹೆಚ್ಚು ಪಾಲು ಸವಾರನ ಮೈಯದೇ. ಆದ್ದರಿಂದ ಮೊಣಕೈ ಬಾಗಿಸಿ, ತಲೆ ತಗ್ಗಿಸಿ, ಮೈಗಂಟಿದ ಬಟ್ಟೆ ಹಾಕಿದರೆ ಬಿಡಿಗಾಸು ಖರ್ಚಿಲ್ಲದೆ ವೇಗ ಸಿಗುತ್ತದೆ. ರೇಸಿನ ದಿನ ಇಪ್ಪತ್ತೈದು ನಿಮಿಷ ಮೈ ಬಿಸಿ ಮಾಡಿಕೊಳ್ಳಿ, ಅದರಲ್ಲಿ ಒಂದೊಂದು ನಿಮಿಷದ ಎರಡು ಬಿರುಸಿನ ಓಟ ಇರಲಿ. ನಿಮ್ಮ ಕ್ರಮಾಂಕಕ್ಕೆ ಹತ್ತು ನಿಮಿಷ ಮೊದಲೇ ಸಾಲಿನಲ್ಲಿರಿ.

ಹೊರಟ ಮೊದಲ ಐದು ನಿಮಿಷ ಅತ್ಯಂತ ಕಷ್ಟದ್ದು, ಏಕೆಂದರೆ ಆಗ ಏನೂ ಕಷ್ಟವೆನಿಸುವುದಿಲ್ಲ. ಎದೆಬಡಿತ ಇನ್ನೂ ಏರಿರುವುದಿಲ್ಲ, ಎಷ್ಟು ಒತ್ತಿದರೂ ಕಾಲು ಸುಮ್ಮನಿರುತ್ತದೆ. ಆ ಸಾಲವನ್ನು ಹತ್ತನೆಯ ನಿಮಿಷದಲ್ಲಿ ಬಡ್ಡಿ ಸಮೇತ ತೀರಿಸಬೇಕಾಗುತ್ತದೆ. ಮೂರರಲ್ಲಿ ಮೊದಲ ಪಾಲು ಹಿಡಿತ, ಎರಡನೆಯದು ಸ್ಥಿರ, ಮೂರನೆಯದರಲ್ಲಿ ಇದ್ದದ್ದೆಲ್ಲ. ಎದುರುಗಾಳಿಯ ಕಡೆ ತುಸು ಹೆಚ್ಚು ಶಕ್ತಿ ಹಾಕಿ, ಬೆನ್ನಗಾಳಿಯ ಕಡೆ ತುಸು ಉಳಿಸಿ. ನಿಧಾನದ ಭಾಗದಲ್ಲೇ ಹೆಚ್ಚು ಸಮಯ ಕಳೆಯುವುದರಿಂದ ಅಲ್ಲಿ ಗಳಿಸಿದ ವೇಗಕ್ಕೆ ಬೆಲೆ ಹೆಚ್ಚು.

ವಿಜಯಪುರ, ಬಾಗಲಕೋಟೆ ಭಾಗದಿಂದ ಬಂದ ಎಳೆಯ ಸೈಕ್ಲಿಸ್ಟುಗಳನ್ನು ರೇಸಿನಲ್ಲಿ ನೋಡುವ ಅವಕಾಶ ಸಿಕ್ಕರೆ ಬಿಡಬೇಡಿ. ದಶಕಗಳಿಂದ ರಾಜ್ಯಕ್ಕೆ ರಾಷ್ಟ್ರಮಟ್ಟದ ಪದಕಗಳನ್ನು ತಂದ ನೆಲ ಅದು. ಬಯಲುಸೀಮೆಯ ಗಾಳಿಯಲ್ಲಿ ಬೆಳೆದ ಆ ಹುಡುಗ ಹುಡುಗಿಯರ ಬೆನ್ನು ಹಲಗೆಯ ಹಾಗೆ ಅಲುಗದೆ ಇರುತ್ತದೆ, ಕಾಲು ಮಾತ್ರ ತಿರುಗುತ್ತದೆ. ಹತ್ತು ವಿಡಿಯೊ ನೋಡುವುದಕ್ಕಿಂತ ಹೆಚ್ಚಿನ ಪಾಠ ಅದರಲ್ಲಿದೆ.

ಹಂತ 8: 200 ಕಿಲೋಮೀಟರಿನ ಬ್ರೆವೆ

ಬ್ರೆವೆ ರೇಸಲ್ಲ, ಮೊದಲು ಬಂದವರಿಗೂ ಕೊನೆಗೆ ಬಂದವರಿಗೂ ಒಂದೇ ಮನ್ನಣೆ. 1904ರಲ್ಲಿ ಆರಂಭವಾದ ಫ್ರಾನ್ಸಿನ ಆಡಾಕ್ಸ್ ಕ್ಲಬ್ ಪ್ಯಾರಿಸಿಯನ್ ಇದರ ಮಾತೃಸಂಸ್ಥೆ, ನಮ್ಮಲ್ಲಿ ಆಡಾಕ್ಸ್ ಇಂಡಿಯಾದ ಅಡಿಯಲ್ಲಿ ಬೆಂಗಳೂರು, ಹುಬ್ಬಳ್ಳಿ ಮುಂತಾದ ಕಡೆಯ ಕ್ಲಬ್ಬುಗಳು ನಡೆಸುತ್ತವೆ. 200 ಕಿಲೋಮೀಟರಿಗೆ ಹದಿಮೂರೂವರೆ ಗಂಟೆ. ದಾರಿಯಲ್ಲಿ ತಪಾಸಣೆಯ ಜಾಗಗಳಿದ್ದು, ಅವು ಗಂಟೆಗೆ 15 ಕಿಲೋಮೀಟರಿನ ಲೆಕ್ಕದಲ್ಲಿ ಮುಚ್ಚುತ್ತವೆ. ನೂರನೆಯ ಕಿಲೋಮೀಟರಿನದು ಹೊರಟ 6 ಗಂಟೆ 40 ನಿಮಿಷಕ್ಕೆ ಮುಚ್ಚುತ್ತದೆ.

ಲೆಕ್ಕ ನಿಮ್ಮ ಪರವಾಗಿದೆ. ಗಂಟೆಗೆ 20 ಕಿಲೋಮೀಟರ್ ತುಳಿದರೆ ಹತ್ತು ಗಂಟೆಯಲ್ಲಿ ದೂರ ಮುಗಿಯುತ್ತದೆ, ನಿಲ್ಲಲು ಮೂರೂವರೆ ಗಂಟೆ ಉಳಿಯುತ್ತದೆ. ಸಮಯ ಸೋರಿಹೋಗುವುದು ರಸ್ತೆಯಲ್ಲಲ್ಲ, ಹೋಟೆಲಿನಲ್ಲಿ. ಐದು ಕಡೆ ಸುಮ್ಮನೆ ಕುಳಿತ ಇಪ್ಪತ್ತಿಪ್ಪತ್ತು ನಿಮಿಷ ಸೇರಿ ಒಂದೂ ಮುಕ್ಕಾಲು ಗಂಟೆಯ ಹತ್ತಿರ ಬರುತ್ತದೆ. ತಪಾಸಣೆಯ ಜಾಗದಲ್ಲಿ ಮೊದಲು ನಿಮ್ಮ ಸವಾರಿಯ ದಾಖಲೆಯಾದ ಬ್ರೆವೆ ಕಾರ್ಡಿಗೆ ಮುದ್ರೆ ಅಥವಾ ಸಮಯ ತೋರಿಸುವ ಎಟಿಎಂ ಚೀಟಿ, ಆಮೇಲೆ ನೀರು, ಆಮೇಲೆ ಊಟ, ಕೊನೆಗೆ ಶೌಚ. ಈ ಕ್ರಮ ಹಿಡಿದರೆ ಹದಿನೈದು ನಿಮಿಷದಲ್ಲಿ ಹೊರಡಬಹುದು.

ಮೊದಲ 50 ಕಿಲೋಮೀಟರ್ ಇಲ್ಲಿಯೂ ನಿರ್ಣಾಯಕ. ಹೊರಡುವಾಗ ಹತ್ತಾರು ಜನರ ಜೊತೆಯ ಹುರುಪಿನಲ್ಲಿ ಗಂಟೆಗೆ 28, 30ರ ವೇಗ ಸಹಜವೆನಿಸುತ್ತದೆ. ನಿಮ್ಮ ಭಾನುವಾರದ ವೇಗ 22 ಆಗಿದ್ದರೆ ಬ್ರೆವೆಯಲ್ಲಿಯೂ 22ಕ್ಕೇ ಹೋಗಿ. 120ರಿಂದ 160ನೆಯ ಕಿಲೋಮೀಟರಿನ ನಡುವೆ, ಮಧ್ಯಾಹ್ನದ ಬಿಸಿಲಿನಲ್ಲಿ ಎಲ್ಲರಿಗೂ ಮನಸ್ಸು ಕುಸಿಯುತ್ತದೆ. ಆಗ ನಿರ್ಧಾರ ತೆಗೆದುಕೊಳ್ಳಬೇಡಿ. ನೆರಳು ಹುಡುಕಿ, ಎಳನೀರು ಅಥವಾ ಉಪ್ಪು ಹಾಕಿದ ಮಜ್ಜಿಗೆ ಕುಡಿದು, ಏನನ್ನಾದರೂ ತಿಂದು, ತಲೆಗೆ ನೀರು ಸುರಿದುಕೊಂಡು, ಹತ್ತು ಕಿಲೋಮೀಟರ್ ನಿಧಾನವಾಗಿ ತುಳಿದು ಆಮೇಲೆ ಯೋಚಿಸಿ. ಹೆಚ್ಚಿನ ಸಲ ಆ ಯೋಚನೆಯೇ ಹೊರಟುಹೋಗಿರುತ್ತದೆ. ಆದರೆ ಬೆವರುವುದು ನಿಂತು ಮೈ ಸುಡುತ್ತಿದ್ದರೆ, ಮಾತು ತಡವರಿಸುತ್ತಿದ್ದರೆ ಸವಾರಿ ಅಲ್ಲಿಗೆ ಮುಗಿಯಿತು, ನೆರವು ಕರೆಯಿರಿ.

ಬ್ರೆವೆಗೆ ಎರಡು ವಾರ ಮೊದಲು ಒಂದು ಭಾನುವಾರ 130ರಿಂದ 150 ಕಿಲೋಮೀಟರ್ ಓಡಿಸಿ ನೋಡಿರಬೇಕು, ಅದೇ ಸೀಟು, ಅದೇ ಬಟ್ಟೆ, ಅದೇ ತಿಂಡಿಯಲ್ಲಿ. ಮುಗಿಸಿದ ಸಂಜೆ ಅರ್ಧ ಗಂಟೆಯೊಳಗೆ ಅನ್ನ, ಬೇಳೆ ಅಥವಾ ಮೊಟ್ಟೆ ಇರುವ ಊಟ ಮಾಡಿ, ಮುಂದಿನ ಎರಡು ದಿನ ನಡೆದಾಡಿ, ಮೂರನೆಯ ದಿನ ಅರ್ಧ ಗಂಟೆ ಹಗುರವಾಗಿ ತುಳಿಯಿರಿ. ಒಂದೇ ಋತುವಿನಲ್ಲಿ 200, 300, 400, 600 ನಾಲ್ಕನ್ನೂ ಮುಗಿಸಿದವರಿಗೆ ಸೂಪರ್ ರಾಂಡೊನಿಯರ್ ಎಂಬ ಬಿರುದು ಸಿಗುತ್ತದೆ. 300ಕ್ಕೆ ಇಪ್ಪತ್ತು ಗಂಟೆ ಅವಕಾಶ, ಅದರಲ್ಲಿ ರಾತ್ರಿಯ ಸವಾರಿ ಬಂದೇ ಬರುತ್ತದೆ. ಅದಕ್ಕೆ ಹೆಸರು ಕೊಡುವ ಮೊದಲು ಒಳ್ಳೆಯ ಮುಂದೀಪ ಕೊಂಡು, ಪರಿಚಿತ ರಸ್ತೆಯಲ್ಲಿ ಜೊತೆಗಾರರೊಂದಿಗೆ ಒಂದೆರಡು ರಾತ್ರಿ ಓಡಿಸಿ ನೋಡಿ.